ಎತ್ತಿ ಹಾಕುವ ಬಾಗಿಲು

ಕೋಬಾರ್ ರಸ್ತೆ
ಬುಧವಾರ, ಫೆಬ್ರವರಿ ೧೨

ಮುದ್ದಿನ ಲೋರ್ನಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ನಿಂತುಕೊಂಡು ಓದಬೇಡ, ಕೂತು ಓದು.

ಪಕ್ಕದ ಜಮೀನಿನ ವಾಲ್‌ನನ್ನು ಕೊಂದದ್ದು ಭಾನುವಾರ ಎಂದು ನಿಮ್ಮ ಪೊಲೀಸ್ ಲ್ಯಾಬಿನವರು ಹೇಳಿದರು ಅಂದೆಯಲ್ಲ. ಹೆಣದ ಮೇಲಿನ ಹುಳುಗಳ ವಯಸ್ಸು ನೋಡಿ ಹೇಳಿದರಂತೆ. "ನೊಣ ಸುಳ್ಳು ಹೇಳಲ್ಲಮ್ಮ" ಅಂದೆ. ಸರಿ ಮಾರಾಯ್ತಿ, ಹೇಳುವುದಿಲ್ಲ. ಆದರೆ ಒಳಗೆ ಬರಲು ಅದಕ್ಕೆ ದಾರಿ ಬೇಡವೇ? ಪೊಲೀಸರು ಹೋದಾಗ ಅಡುಗೆಮನೆಯ ಜಾಲರಿ ಬಾಗಿಲು ಅರೆ ತೆರೆದಿತ್ತು. ಮೊದಲಿನಿಂದಲೂ ಹಾಗೇ ಇತ್ತು ಎಂದುಕೊಂಡುಬಿಟ್ಟರು.

ಆ ಬಾಗಿಲ ಮೇಲೆ ಬೆರಳ ಗುರುತು ಸಿಕ್ಕಿ ಲಾಕಪ್ಪು ಸೇರಿದ ಎನ್ನಿಸ್ ಇದ್ದಾನಲ್ಲ, ಕುರಿಗಳ ಉಣ್ಣೆ ಕತ್ತರಿಸಲು ಊರೂರು ತಿರುಗುವವನು, ಅವನು ಕೆಲಸ ಕೇಳಲು ಹೋದದ್ದು ಭಾನುವಾರವೇ. ಅವನು ಹೇಳಿದ್ದನ್ನು ಪೊಲೀಸಿನವನೊಬ್ಬ ಅಂಗಡಿಯಲ್ಲಿ ನಗುತ್ತ ಆಡಿ ತೋರಿಸಿದ: "ಬಾಗ್ಲು ಗಟ್ಟಿಯಾಗಿ ಹಾಕಿತ್ತು ಸಾರ್, ಎಳೆದಾಡಿ ತೆಗ್ದೆ. ಒಳಗೆ ನೋಡಿ ಜೀವ ಹೋದಂಗಾಯ್ತು, ಓಡ್ಬಿಟ್ಟೆ." ಎಲ್ಲರೂ ನಕ್ಕರು. ನೊಣಕ್ಕೆ ದಾರಿಯಾದದ್ದೇ ಅವನು ಬಾಗಿಲು ತೆಗೆದ ಮೇಲೆ, ವಾಲ್ ಸತ್ತದ್ದು ಅದಕ್ಕೂ ಮುಂಚೆ.

ನಿನಗೆ ನೆನಪಿರಬೇಕು. ಶಾಲೆಯ ಬಸ್ಸು ಬರುವವರೆಗೆ ನೀನೂ ನಿನ್ನ ತಮ್ಮನೂ ಕೂರುತ್ತಿದ್ದದ್ದು ವಾಲ್‌ನ ಅಡುಗೆಮನೆಯಲ್ಲೇ. ಆ ಬಾಗಿಲು ಜೋತುಬಿದ್ದು ಎಷ್ಟು ಕಾಲವಾಯಿತೋ! ಸುಮ್ಮನೆ ತಳ್ಳಿದರೆ ಮತ್ತೆ ತೆರೆದುಕೊಳ್ಳುತ್ತದೆ. ಎತ್ತಿ ಹಿಡಿದು ಹಾಕಿದರೆ ಮಾತ್ರ ಕೊಂಡಿ ಕೂರುತ್ತದೆ. "ನೊಣ ಬರ್ತವೆ, ಎತ್ತಿ ಹಾಕ್ರೋ ಕತ್ತೆಗಳಾ!" ಎಂದು ದಿನಾ ಬೈದು ಬೈದು ಅವನು ನಿಮಗೆ ಅದನ್ನು ಕಲಿಸಿದ. ಒಮ್ಮೆ ಕೈಗೆ ಹತ್ತಿದ್ದು ಎಲ್ಲಿ ಹೋಗುತ್ತದೆ? ಸಿಟ್ಟಿನಲ್ಲಿದ್ದರೂ, ಹೆದರಿ ಓಡುವಾಗಲೂ ಕೈ ತಾನೇ ಎತ್ತಿ ಹಾಕುತ್ತದೆ.

ಹಾಗೆ ಹಾಕಲು ಬರುವವರು ವಾಲ್ ಬಿಟ್ಟರೆ ನಾವು ಮೂವರೇ. ನೀನು ಸಿಡ್ನಿಯಲ್ಲಿದ್ದೆ. ನಾನು ಮನೆಯಲ್ಲಿದ್ದೆ.

ಕುರಿಮರಿಗಳ ಮೇಲೆ ಬಿತ್ತೆಂದು ವಾಲ್ ನಮ್ಮ ನಾಯಿಗೆ ಗುಂಡು ಹೊಡೆದ ವಿಷಯ ನಿನಗೆ ಹೇಳಿದ್ದೆ. ಅದನ್ನು ಕೇಳಿಯೇ ಬರುತ್ತೇನೆಂದು ನಿನ್ನ ತಮ್ಮ ಹೋದದ್ದು ಶುಕ್ರವಾರ, ಎನ್ನಿಸ್ ಹೋಗುವ ಎರಡು ದಿನ ಮುಂಚೆ. ಇದನ್ನು ಹೇಳಿರಲಿಲ್ಲ. ತಿರುಗಿ ಬಂದವನು ತನ್ನ ಅಂಗಿಯನ್ನು ತಾನೇ ಒಗೆದ. ಹುಟ್ಟಿದಾಗಿನಿಂದ ಒಂದು ಚಮಚ ತೊಳೆದವನಲ್ಲ ನಮ್ಮ ಡಾರ್ಸಿ. ನೋಡಿ ಸುಮ್ಮನಿದ್ದೆ. ಹೆತ್ತ ಕರುಳು, ಏನು ಮಾಡಲಿ?

ನಿನ್ನೆ ಠಾಣೆಯ ಮುಂದೆ ಎನ್ನಿಸ್‌ನ ತಾಯಿ ನಿಂತಿದ್ದಳು, ಮಗನಿಗೆಂದು ಸ್ಯಾಂಡ್‌ವಿಚ್ ಕಟ್ಟಿಕೊಂಡು. ಒಳಗೆ ಬಿಡಲಿಲ್ಲ. "ನೀವಾದ್ರೂ ತಿನ್ನಿ, ಹಾಳಾಗತ್ತೆ" ಎಂದು ನನ್ನ ಕೈಗೆ ಕೊಟ್ಟು ಹೋದಳು. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ ಲೋರ್ನಾ.

ಬಾಗಿಲ ವಿಷಯ ನಿಮ್ಮವರಿಗೆ ಹೇಳು.

ಇಂತಿ ನಿನ್ನ ಅಮ್ಮ,
ನೊರೀನ್

ಮರೆತ ಮಾತು: ಇದನ್ನು ಡಾರ್ಸಿಗೆ ಓದಿ ಹೇಳಿದ್ದೇನೆ. ಕೇಳಿ ಅತ್ತುಬಿಟ್ಟ. ಆಮೇಲೆ, ಠಾಣೆಗೆ ಹೋಗುವ ದಾರಿಯಲ್ಲಿ ತಾನೇ ಅಂಚೆಗೆ ಹಾಕುತ್ತೇನೆ ಅಂದ. ಹಾಕದಿದ್ದರೆ ನಾನೇ ನಿನಗೆ ಫೋನ್ ಮಾಡಿ ಹೇಳುತ್ತೇನೆ ಎಂದಿದ್ದೇನೆ. ಈ ಕಾಗದ ನಿನ್ನ ಕೈಯಲ್ಲಿದ್ದರೆ, ನನ್ನ ಮಗ ಮಾತು ಉಳಿಸಿಕೊಂಡ ಎಂದು ತಿಳಿ.