ಶನಿವಾರ ಅಮೃತ ಮಾಡಿದ ಪಾಠ

ಕೊಪ್ಪ
ಸೋಮವಾರ, 18-11-2024

ಪ್ರೀತಿಯ ಬೆಳ್ಳಕ್ಕನಿಗೆ,

ನಿನ್ನ ತಂಗಿ ಚಿಕ್ಕತಾಯಿಯ ನಮಸ್ಕಾರ. ಭಾವನ ಮಂಡಿನೋವು ಹೇಗಿದೆ? ಫೋನು ಇರುವಾಗ ಇವಳಿಗೇನು ಕಾಗದದ ಹುಚ್ಚು ಅಂತ ಗೊಣಗುತ್ತೀಯ, ಗೊತ್ತು. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡಿ ಮುಗಿಸಿರುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಾಳೆ ಇವರು ಮಳವಳ್ಳಿಗೆ ಬರುತ್ತಿದ್ದಾರೆ, ಅವರ ಕೈಲೇ ಕಳಿಸುತ್ತೇನೆ.

ವಿಷಯ ಹೋದ ವಾರ ಫೋನಿನಲ್ಲಿ ನೀನೇ ಎತ್ತಿದ್ದು. ನಿನಗೆ ಆರು ಮಕ್ಕಳಿವೆ, ಒಂದನ್ನು ನನ್ನ ಹತ್ತಿರ ಬಿಡು, ಮಳವಳ್ಳಿಯಲ್ಲಿ ಒಳ್ಳೆ ಸ್ಕೂಲಿಗೆ ಹಾಕಿ ಓದಿಸುತ್ತೇನೆ ಅಂದೆ. ಅದರಲ್ಲೂ ಅಮೃತ ಆದರೆ ಒಳ್ಳೆಯದು, ಅನಾಥಾಶ್ರಮದಿಂದ ಬಂದು ಮೂರೇ ತಿಂಗಳು, ಇನ್ನೂ ಬೇರು ಬಿಟ್ಟಿಲ್ಲ ಅಂದೆ. ಬಿಸಿತುಪ್ಪದ ಹಾಗಾಯಿತು ನನಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಬಂದು ಮಕ್ಕಳನ್ನು ನೋಡು, ಆಮೇಲೆ ತೀರ್ಮಾನ ಮಾಡೋಣ ಅಂದುಬಿಟ್ಟೆ.

ನಿಜ ಹೇಳಲೇ? ಒಳಗೊಳಗೆ ಹೂಂ ಅನ್ನುವ ಮನಸ್ಸೇ ಇತ್ತು. ಆ ಹುಡುಗಿ ನನ್ನನ್ನು ಇವತ್ತಿಗೂ ಮೇಡಂ ಅನ್ನುತ್ತಾಳೆ. ನಾನು ಪಕ್ಕದಲ್ಲಿ ಹೋಗಿ ಕೂತರೆ ಎದ್ದು ಜಾಗ ಬಿಡುತ್ತಾಳೆ. ಒಂಬತ್ತು ವರ್ಷದ ಮಗು ಕೊಟ್ಟಿದ್ದಷ್ಟು ತಿಂದು, ತಟ್ಟೆ ತೊಳೆದಿಟ್ಟು, ಮೂಲೆಗೆ ಸೇರಿಕೊಂಡರೆ ಏನು ತಿಳಿಯಬೇಕು? ಇಷ್ಟು ಗದ್ದಲದ ಮನೆ ಇವಳಿಗೆ ಹಿಡಿಸಿಲ್ಲ, ನಾವೇ ಹಿಡಿಸಿಲ್ಲ ಅಂದುಕೊಂಡಿದ್ದೆ.

ಶಾಲೆಗೇ ಹೋಗದ ಮಕ್ಕಳು ದಿನವಿಡೀ ಏನು ಮಾಡುತ್ತವೆ ಅಂತ ಕೇಳುತ್ತಲೇ ಇರುತ್ತೀಯಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಮೇಲೆ ಜಗಲಿಯ ಮೇಲೆ ಓದು, ಲೆಕ್ಕ. ದೊಡ್ಡವನು ಯತೀಶ ಹತ್ತನೇ ತರಗತಿ ಪರೀಕ್ಷೆಗೆ ಮನೆಯಿಂದಲೇ ಕಟ್ಟಿದ್ದಾನೆ, ಅವನು ಓದುತ್ತಾ ಚಿಕ್ಕವರಿಗೂ ಹೇಳಿಕೊಡುತ್ತಾನೆ. ಮುದ್ದೆ ಉಂಡು ಒಂದು ನಿದ್ದೆ, ಸಂಜೆ ಗದ್ದೆ, ನಾಲೆ. ಸ್ವಾತಂತ್ರ್ಯದ ಪಾಠ ಬಂದಾಗ ಎಲ್ಲರನ್ನೂ ಶಿವಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಬಾವುಟ ಹಾರಿಸಿದವರ ಕಥೆ ಅಪ್ಪುವಿಗೆ ನೆನಪಿದೆಯೋ ಇಲ್ಲವೋ, ಬರುವಾಗ ತಿಂದ ವಡೆಯಂತೂ ನೆನಪಿದೆ. ಇದೆಲ್ಲ ನಾನು ಹಟಕ್ಕೆ ಮಾಡಿದ್ದಲ್ಲ, ಅಕ್ಕ. ಪುನೀತ ನಮ್ಮ ಮನೆಗೆ ಬಂದಾಗ ಹತ್ತು ವರ್ಷ, ಅಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಪುಟಾಣಿಗಳ ಜೊತೆ ಕೂರಿಸಿದರು ಅಂತ ಹೋಗಿ ಕಬ್ಬಿನ ಗದ್ದೆಯಲ್ಲಿ ಅಡಗಿಕೊಂಡಿದ್ದ. ಅವತ್ತಿನಿಂದ ಜಗಲಿಯೇ ಶಾಲೆಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗುತ್ತೀಯ. ಹೆರದವಳಿಗೂ ಮುದ್ದೇ, ಏನು ಮಾಡಲಿ?

ಶನಿವಾರ ಮಾತ್ರ ಪುಸ್ತಕ ಮುಟ್ಟುವುದಿಲ್ಲ. ಅವತ್ತು ಮಕ್ಕಳಲ್ಲಿ ಒಬ್ಬರು ಮೇಷ್ಟ್ರು, ತನಗೆ ಬರುವುದನ್ನು ಮಿಕ್ಕವರಿಗೆಲ್ಲ ಕಲಿಸಬೇಕು. ನಾನೂ ಇವರೂ ನೆಲದ ಮೇಲೆ ಕೂತು ಕಲಿಯಬೇಕು. ದೀಪಿಕ ಹಸು ಇವತ್ತು ಕರು ಹಾಕುತ್ತದೋ ನಾಳೆಯೋ ಅಂತ ಕಂಡುಹಿಡಿಯುವುದನ್ನು ಕಲಿಸಿದಳು. ಅಪ್ಪು ಬೆರಳಿಟ್ಟು ಶಿಳ್ಳೆ ಹಾಕುವುದನ್ನು ಕಲಿಸಿದ, ಇವರಿಗೆ ಇನ್ನೂ ಬಂದಿಲ್ಲ. ಅಮೃತ ಮಾತ್ರ ತನ್ನ ಸರದಿ ಬಂದಾಗಲೆಲ್ಲ ನಂಗೇನೂ ಬರಾಕಿಲ್ಲ ಅಂತ ತಲೆ ತಗ್ಗಿಸುತ್ತಿದ್ದಳು.

ನಿನ್ನ ಫೋನು ಬಂದ ಮಾರನೆಯ ದಿನ ಮಕ್ಕಳಿಗೆ ಹೇಳಿದೆ, ಭಾನುವಾರ ಮಳವಳ್ಳಿ ದೊಡ್ಡಮ್ಮ ನಿಮ್ಮನ್ನೆಲ್ಲ ನೋಡೋಕೆ ಬರ್ತಾರೆ, ತಲೆ ಬಾಚಿ ಒಳ್ಳೆ ಬಟ್ಟೆ ಹಾಕಿಕೊಳ್ಳಬೇಕು ಅಂತ. ಸಂಜೆ ಅಮೃತ ತಾನಾಗಿ ನನ್ನ ಹತ್ತಿರ ಬಂದಳು. "ಮೇಡಂ, ಈ ಸನಿವಾರ ನಾನೇ ಪಾಠ ಮಾಡ್ತೀನಿ. ನೀವಿಬ್ರೂ ಇರಬಾರ್ದು" ಅಂದಳು.

ಏನು ಪಾಠವಿರಬಹುದು? ನನಗೆ ಕುತೂಹಲ ತಡೆಯಲಾಗಲಿಲ್ಲ. ಹಾಡೋ, ಕಸೂತಿಯೋ, ನಮ್ಮನ್ನು ಅಣಕಿಸುವ ನಾಟಕವೋ? ಮಗೀಗೆ ಮಾತು ಕೊಟ್ಟಿದ್ದೀವಿ, ಸುಮ್ಕಿರು ಅಂತ ಇವರು ಗದರಿದರು. ಶನಿವಾರ ನಾನು ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಜಗಲಿಯ ಗೋಡೆಯ ಕಿಂಡಿಯಲ್ಲಿ ಇಣುಕುತ್ತಾ ಕಿವಿ ಕೊಟ್ಟು ನಿಂತೆ. ನಿನ್ನ ತಂಗಿಯಲ್ಲವೇ?

ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಳು. ನೋಡಲು ಬಂದವರು ಒಯ್ಯದ ಹಾಗೆ ನಿಲ್ಲುವುದು ಹೇಗೆ ಅನ್ನುವುದೇ ಪಾಠ.

"ನೆಟ್ಟಗೆ ನಿಂತ್ಕಬೇಡಿ. ನೆಟ್ಟಗೆ ನಿಂತೋರ್ನೇ ಮೊದ್ಲು ನೋಡದು. ಎಸ್ರು ಕೇಳುದ್ರೆ ಬೇಗ ಏಳ್ಬೇಡಿ. ಪದ್ಯ ಏಳು ಅಂದ್ರೆ ಮರ್ತೋಯ್ತು ಅನ್ನಿ. ಬಿಸ್ಕತ್ತು ಈಸ್ಕಬೇಡಿ, ಈಸ್ಕಂಡ್ರೆ ಪಕ್ಕದಲ್ಲಿ ಕೂರುಸ್ಕತಾರೆ. ಅಪ್ಪು, ನೀನು ನಗ್ಲೇಬೇಡ ಕಣ್ಲಾ. ನಕ್ರೆ ನಿನ್ ಕೆನ್ನೇಲಿ ಗುಳಿ ಬೀಳ್ತದೆ."

ದೊಡ್ಡಮ್ಮ ಒಳ್ಳೇರಲ್ವಾ ಅಂತ ಅಪ್ಪು ಕೇಳಿದ.

"ಒಳ್ಳೇರೇ ಕರ್ಕಂಡೋಗದು ಕಣ್ಲಾ. ಆಸ್ರಮದಲ್ಲಿ ನನ್ ಪಕ್ಕ ಮಲಗ್ತಿದ್ದ ಪಾಪು ನಕ್ಬುಡ್ತು. ಒಳ್ಳೇರೇ ಬಂದು ಕರ್ಕಂಡೋದ್ರು."

ಆಮೇಲೆ ದೀಪಿಕ, ನೀನ್ಯಾಕೆ ಹೀಗೆ ಮುಂದೆ ಕೈಕಟ್ಟಿಕೊಂಡು ನೆಟ್ಟಗೆ ನಿಂತಿದ್ದೀಯ, ಹಿಂದಕ್ಕೆ ಬಾ ಅಂದಳು.

"ಬಂದೋರು ಬರಿಗೈಲಿ ಓಗಲ್ಲ. ನಾನು ಚೆಂದಾಗಿ ನಿಂತ್ಕತೀನಿ, ನಂಗೆ ಅಭ್ಯಾಸ ಅದೆ. ನೀವು ಇಲ್ಲೇ ಇರಿ."

ಅಕ್ಕ, ಹುಲ್ಲಿನ ಕಂತೆ ಕೈಲೇ ಇತ್ತು, ಹಸು ಅದನ್ನು ಎಳೆದುಕೊಂಡು ತಿಂದಿತು. ನನಗೆ ಅಳು ಬಂತು. ಇವಳಿಗೆ ನಾವು ಹಿಡಿಸಿಲ್ಲ ಅಂದುಕೊಂಡು ಕಳಿಸಿಕೊಡಲು ಹೊರಟಿದ್ದೆನಲ್ಲ, ಇವಳು ನೋಡಿದರೆ ನಮ್ಮ ಮನೆ ಒಡೆಯದಿರಲಿ ಅಂತ ತಾನೇ ಹೊರಡಲು ನಿಂತಿದ್ದಳು. ಅವಳು ತಪ್ಪು ತಿಳಿದಿದ್ದಳು ಅನ್ನೋಣ ಅಂದರೆ ಅದೂ ಸುಳ್ಳು. ನೀನು ಒಂದು ಮಗುವನ್ನು ಕೇಳಿದ್ದು ನಿಜ, ನಾನು ಬಾ, ನೋಡು ಅಂದಿದ್ದೂ ನಿಜ.

ಅದಕ್ಕೇ ಈಗ ಹೇಳುತ್ತಿದ್ದೇನೆ, ಇಲ್ಲ. ಅಮೃತಳನ್ನು ಕೊಡುವುದಿಲ್ಲ, ಯಾರನ್ನೂ ಕೊಡುವುದಿಲ್ಲ. ಸಿಟ್ಟು ಮಾಡಿಕೋ, ಎರಡು ದಿನ ಮಾತು ಬಿಡು, ಆದರೆ ಬರುವುದನ್ನು ತಪ್ಪಿಸಬೇಡ. ಭಾನುವಾರ ಬೇಡ, ಶನಿವಾರವೇ ಬಾ. ಕುರ್ಚಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಬೇಡ, ಬಿಸ್ಕತ್ತು ತರಬೇಡ. ಹಿತ್ತಿಲ ಬಾಗಿಲಿಂದ ಬಂದು, ಕೈಕಾಲು ತೊಳೆದು, ಅವರೆಕಾಯಿ ಸುಲಿಯಲು ಕೂತುಕೋ. ಆ ಶನಿವಾರದ ಮೇಷ್ಟ್ರು ನೀನೇ. ನಮ್ಮವ್ವ ಹೇಳುತ್ತಿದ್ದ ಸೋಬಾನೆ ಪದಗಳು ನನಗೆ ಅರ್ಧ ಮರೆತಿವೆ, ನಿನಗೆ ಪೂರ್ತಿ ಬರುತ್ತವೆ. ಕಲಿಸು. ಶಾಲೆ ಅಂದರೆ ನಿನಗೆ ಅಷ್ಟು ಪ್ರೀತಿ ತಾನೇ, ನಮ್ಮ ಶಾಲೆಯಲ್ಲೂ ಒಂದು ದಿನ ಪಾಠ ಮಾಡು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಮೊಂಡು ತಂಗಿ,
ಚಿಕ್ಕತಾಯಿ

ಮರೆತ ಮಾತು: ಕಾಗದ ಮುಗಿಸಿ ಎದ್ದವಳೇ ಮಕ್ಕಳನ್ನು ಕೂರಿಸಿಕೊಂಡು, ಯಾರೂ ಎಲ್ಲಿಗೂ ಹೋಗುವುದಿಲ್ಲ, ದೊಡ್ಡಮ್ಮ ಯಾರನ್ನೂ ಒಯ್ಯುವುದಿಲ್ಲ ಅಂತ ಹೇಳಿದೆ. ಎಲ್ಲರೂ ಆಡಲು ಓಡಿದರು. ಅಮೃತ ಮಾತ್ರ ನಿಂತೇ ಇದ್ದಳು. "ಅಂಗಾರೆ ಅವ್ರು ಸುಮ್ನೆ ವಾಪಸ್ ಓಯ್ತಾರಾ, ಮೇಡಂ? ಪಾಪ" ಅಂದಳು. ಆಮೇಲೆ ಹಿತ್ತಿಲಿಗೆ ಹೋಗಿ, ನಾನು ಬೀಜಕ್ಕೆ ಅಂತ ಬಿಟ್ಟಿದ್ದ ಸಿಹಿಗುಂಬಳವನ್ನು ಬಳ್ಳಿಯಿಂದ ಕುಯ್ದು, ಅಪ್ಪುವನ್ನೂ ಸೇರಿಸಿಕೊಂಡು ಜಗಲಿಯವರೆಗೆ ಉರುಳಿಸಿ ತಂದಿದ್ದಾಳೆ. ನೀನು ಬರುವವರೆಗೆ ಅದನ್ನು ಯಾರೂ ಮುಟ್ಟಬಾರದಂತೆ. ಬರುವಾಗ ದೊಡ್ಡ ಚೀಲ ತಾ, ಅಕ್ಕ.