ಬಾಗಿಲ ಬಳಿ ಇಟ್ಟ ಕೋಲು

ಓರೆಸ್ಟ್,

ಮಂಡಿನೋವಿನಲ್ಲಿ ಬೆಳಗಿನ ಜಾವಕ್ಕಷ್ಟೇ ಕಣ್ಣು ಮುಚ್ಚಿದ್ದೀರಿ, ಎಬ್ಬಿಸಲಿಲ್ಲ. ಬೀಟ್‌ರೂಟ್ ಸಾರು ಒಲೆಯ ಮೇಲಿದೆ. ಬಿಸಿ ಮಾಡಿಕೊಳ್ಳಿ, ಕುದಿಸಬೇಡಿ.

ನಾನು ಕರ್ಲಿಂಗ್ ಆಡಲು ಕ್ಲಬ್ಬಿಗೆ ಹೋಗಿದ್ದೇನೆ, ಕಲ್ಲು ತಳ್ಳುವ ನನ್ನ ಕೋಲು ತೆಗೆದುಕೊಂಡು. ಕುಕ್ಕರಗಾಲಲ್ಲಿ ಐಸಿನ ಮೇಲೆ ಜಾರುತ್ತಾ ಆ ಭಾರದ ಕಲ್ಲನ್ನು ಗುರಿಯ ವೃತ್ತದತ್ತ ಬಿಡುವುದು ಇನ್ನು ನನ್ನಿಂದಾಗದು. ನಿಂತುಕೊಂಡೇ ಕೋಲಿನಿಂದ ತಳ್ಳಿದರೂ ಕಲ್ಲು ಹೋಗಬೇಕಾದಲ್ಲಿಗೇ ಹೋಗುತ್ತದೆ.

ನಿಮಗೂ ಅಂತ ತಂದುಕೊಟ್ಟ ಅಂಥದೇ ಕೋಲಿನಿಂದ ನಿನ್ನೆ ಸೂರಿನ ಮಂಜುಗಡ್ಡೆ ಬಡಿಯುತ್ತಿದ್ದಿರಿ. ನೋಡಿದೆ. ಅದನ್ನು ಆಟಕ್ಕೆ ಹಿಡಿಯಿರಿ ಅಂತ ಹೇಳಿ ಹೇಳಿ ಸಾಕಾಗಿದೆ. ತುದಿ ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ.

ವಾಸಿಲ್ ಫೋನ್ ಮಾಡಿದ್ದ. "ಸ್ಟೆಫಕ್ಕಾ, ಮೂರು ವಾರದಿಂದ ನಾಲ್ಕು ಜನ ಆಡೋ ಕಡೆ ಮೂರೇ ಜನ ಆಡ್ತಿದ್ದೀವಿ. ಇವತ್ತು ಎರಡು ಗಂಟೆಗೆ ಓರೆಸ್ಟಣ್ಣ ಬರ್ಲಿಲ್ಲಾಂದ್ರೆ ಬೇರೆಯವ್ರನ್ನ ಹಾಕ್ಕೋಬೇಕಾಗುತ್ತೆ," ಅಂದ. ನಲವತ್ತು ವರ್ಷ ನಿಮ್ಮ ಜೊತೆಗಾಡಿದವನು ಅವನು.

"ಕೋಲು ಹಿಡಿದ್ರೆ ಜನ ನಗ್ತಾರೆ ಕಣೆ" ಅಂತೀರಿ. ಐವತ್ತೆರಡನೇ ವಯಸ್ಸಲ್ಲಿ ನಾನು ರಾತ್ರಿ ಶಾಲೆಯ ಮೆಟ್ಟಿಲ ಮೇಲೆ ಹೆದರಿ ನಿಂತಾಗ, "ನಗೋರು ಒಂದಿನ ನಗ್ತಾರೆ, ನಡಿ" ಅಂತ ಒಳಗೆ ಕಳಿಸಿದವರು ನೀವೇ. ಅದರಿಂದಲೇ ಇವತ್ತು ಈ ಚೀಟಿ ಬರೆಯುವಷ್ಟಾದೆ.

ಜಾರುವ ಷೂ ಬೇಡ, ಹಿಡಿತ ಇರುವುದನ್ನು ಹಾಕಿಕೊಳ್ಳಿ. ನನ್ನ ಆಟ ಒಂದು ಗಂಟೆಗೆ ಮುಗಿಯುತ್ತದೆ. ಆಮೇಲೆ ಕ್ಲಬ್ಬಿನ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತಿರುತ್ತೇನೆ, ಎರಡರ ತನಕ.

ಸ್ಟೆಫಾ