ಎಡಗೋಡೆಯ ಕಂಬಿ

ಅವ್ವಾ, ನನ್ನ ಹೆತ್ತ ತಾಯೇ,

ಅವತ್ತು ನಮ್ಮ ಗುಂಡ್ಲುಪೇಟೆ ಮನೆಯ ಬಚ್ಚಲಿಗೆ ಪ್ಲಂಬರ್ ಬಂದಿದ್ದು ನೆನಪಿದೆಯಾ? ನಿನ್ನ ಆಸರೆಗೆಂದು ಗೋಡೆಗೊಂದು ಸ್ಟೀಲ್ ಕಂಬಿ ಹಾಕಬೇಕಿತ್ತು. ಅಜ್ಜಿ ಎಲ್ಲಿ ಕೂರುತ್ತಾರೆ, ಏಳುವಾಗ ಯಾವ ಕೈ ಊರುತ್ತಾರೆ, ಒಂದು ಸಲ ಅವರನ್ನೇ ಕರೆಯಿರಿ ಅಂದ ಅವನು. ನಾನು ಬಿಟ್ಟೇನೆ? ಇಪ್ಪತ್ತು ವರ್ಷ ಊರ ನಾಟಕದಲ್ಲಿ ಭೀಮನಾಗಿ ಗದೆ ತಿರುಗಿಸಿದವನು, ಹೆತ್ತವಳ ಪಾತ್ರ ಮಾಡಲಾರೆನೇ? ತಲೆಗೆ ಟವೆಲ್ ಹೊದ್ದೆ, ಬೆನ್ನು ಬಗ್ಗಿಸಿದೆ, ನಿನ್ನ ಮಣೆಯ ಮೇಲೆ ಕೂತು ಶಿವಶಿವಾ ಎಂದು ನರಳಿದೆ, ಎಡಗೋಡೆ ಹಿಡಿದು ಎದ್ದು ತೋರಿಸಿದೆ. ಪ್ಲಂಬರ್ ನಕ್ಕ, ನನ್ನ ಹೆಂಡತಿ ನಕ್ಕಳು. ನನಗೆ ಅದೇ ಚಪ್ಪಾಳೆ.

ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಗಲಿಲ್ಲ.

“ಎದ್ದೇಳಾಗ ನನ್ ಎಡಗೈ ಕರಡಿಗೆ ಮೇಲಿರ್ತದ ಕಣ್ಲಾ ಮಗ,” ಅಂದೆ ಮೆತ್ತಗೆ.

ಕೊರಳಲ್ಲಿ ತೂಗುವ ಲಿಂಗದ ಕರಡಿಗೆ ಎಲ್ಲಿಗೂ ತಾಗದಿರಲೆಂದು ಅದನ್ನು ಎಡಗೈಯಲ್ಲಿ ಎದೆಗೊತ್ತಿ ಹಿಡಿದೇ ಏಳುವವಳು ನೀನು. ಹುಟ್ಟಿದಾಗಿನಿಂದ ನೋಡಿದ್ದೇನೆ. ನಿಜವಾಗಿ ನೋಡಿದ್ದೆನೇ? “ಬುಡವ್ವ, ಭೀಮಸೇನ ಹೇಳ್ದ ಮ್ಯಾಲೆ ಮುಗೀತು,” ಎಂದು ಗರ್ಜಿಸಿದೆ. ಕಂಬಿ ಎಡಗೋಡೆಗೇ ಬಿತ್ತು. ನೀನು ಅದರ ಮೇಲೆ ಒದ್ದೆ ಸೀರೆ ಒಣಹಾಕುತ್ತಿದ್ದೆ. ಅದನ್ನು ದಿನಾ ಕಂಡೂ ನನಗೆ...

ಆಮೇಲೊಂದು ದಿನ ನೀನು ಬಚ್ಚಲಲ್ಲಿ ಬಿದ್ದೆ. ಸೊಂಟ ಮುರಿದು ಮಲಗಿದ ನಿನ್ನನ್ನು ನೋಡಲು ಬೇಗೂರಿನಿಂದ ಬಂದ ನೆಂಟರಿಗೆ ನಾನು ಏನೆಂದೆ? ಕಂಬಿ ಹಾಕಿಸಿಕೊಟ್ಟಿದ್ದೆ, ಹಿಡಿಯದೆ ಬಿದ್ದಳು ಎಂದೆ. ಮೂರು ಮನೆಗೆ ಕೇಳುವ ಗಂಟಲು ನನ್ನದು. ನಡುಮನೆಯಲ್ಲಿ ಮಲಗಿದ್ದ ನಿನಗೆ ಕೇಳಿಸದೆ ಇದ್ದೀತೇ? ನೀನು ಎದುರಾಡಲಿಲ್ಲ. ಆಡಿದ್ದರೆ...

ಆ ಹಾಸಿಗೆಯಿಂದ ನೀನು ಮತ್ತೆ ಏಳಲಿಲ್ಲ. ನಿನ್ನನ್ನು ಮಣ್ಣಿಗಿಳಿಸಿ ಕೂರಿಸಿದಾಗ, ಅಯ್ಯನವರು ನಿನ್ನ ಎಡಗೈ ಬಿಡಿಸಿ ಅಂಗೈಯಲ್ಲಿ ಲಿಂಗವಿಟ್ಟರು. ಆ ಕೈಯನ್ನು ಆಗ ಕಂಡೆ. ಎಲ್ಲರೂ ಗೋಳಾಡಿದರು, ನನ್ನ ಗಂಟಲಿಂದ ಸ್ವರವೇ ಹೊರಡಲಿಲ್ಲ. ದುಃಖ ಅಂದುಕೊಂಡರು. ನಾಚಿಕೆ ಅವ್ವಾ ಅದು.

ಮೊನ್ನೆ ಬೇಗೂರಿನ ಚಿಕ್ಕವ್ವನ ಬಚ್ಚಲಿಗೂ ಕಂಬಿ ಹಾಕಿಸಬೇಕೆಂದು ನನ್ನನ್ನು ಕರೆದರು. ಹೋದೆ. ಒಣ ಬಚ್ಚಲಲ್ಲಿ, ಉಟ್ಟ ಸೀರೆಯಲ್ಲೇ ಅವಳನ್ನು ಮಣೆಯ ಮೇಲೆ ಕೂರಿಸಿದೆ. ಕೂತಳು, ಎದ್ದಳು, ಮತ್ತೆ ಕೂತಳು. ಅವಳ ಬಲಗೈ ಗೋಡೆಗೆ ತಾಗಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಕಾಲು ಎಲ್ಲಿ ಜಾರುತ್ತದೆ ಎಂದು ಕೇಳಿದೆ. ಗೋಡೆ ಭಾರ ತಡೆಯುತ್ತದೋ ಎಂದು ತಟ್ಟಿ ನೋಡಿದೆ.

“ಯಾಕ್ಲಾ ಭೀಮ, ಬಾಯ್ಗೆ ಬೀಗ ಹಾಕ್ಕಂಡಿದ್ದಯ್?” ಅಂದಳು ಚಿಕ್ಕವ್ವ.

ಆಗ ಹೇಳಿದೆ. ಅಂದು ನೀನು ಏನು ಹೇಳಿದ್ದೆ, ನಾನು ಹೇಗೆ ನಿನ್ನ ಬಾಯಿ ಮುಚ್ಚಿಸಿದೆ, ಅಷ್ಟನ್ನೂ ಹೇಳಿದೆ. ಜಗಲಿಯಲ್ಲಿದ್ದ ಅದೇ ನೆಂಟರಿಗೆ ಕೇಳುವಂತೆ, ಅದೇ ಗಂಟಲಲ್ಲಿ. ಚಿಕ್ಕವ್ವ ಬಲಗೈ ಚಾಚಿ, ನನ್ನ ಹೆಗಲು ಹಿಡಿದು ಮಣೆಯಿಂದೆದ್ದಳು. ಅವಳ ಎಡಗೈ ಕರಡಿಗೆಯ ಮೇಲಿತ್ತು.